ಹಸಿರು ದೀಪದ ಬೆಕ್ಕುಗಳು

ಬ್ಯಾಡಗಿಯಲ್ಲಿ ಯಾರ ಕಣ್ಣಲ್ಲಿ ನೀರು ಕಂಡರೂ ಯಾಕೆಂದು ಕೇಳುವ ರೂಢಿಯಿಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಬಿದ್ದಿತೆಂದರೆ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ, ಸೆರಗಿನಿಂದಲೋ ಟವೆಲ್ಲಿನಿಂದಲೋ ಕಣ್ಣೊರೆಸಿಕೊಳ್ಳುತ್ತದೆ. ಬಸ್ಸಿಳಿದ ಹೊಸಬರು ಗಾಬರಿಬಿದ್ದರೆ ಚಹಾದಂಗಡಿಯವನು, "ಕಾಯಿ ಘಾಟು ರೀ, ನಾಕ್ ದಿನಾ ಇದ್ರ ರೂಢಿ ಆಕ್ಕೈತಿ" ಎಂದು ನಗುತ್ತ ನೀರು ಕೊಡುತ್ತಾನೆ. ಗಂಡನ ಕೂಡ ಜಗಳವಾಡಿ ಬಂದವಳೂ, ಪರೀಕ್ಷೆಯಲ್ಲಿ ಫೇಲಾದವನೂ, ಮಣ್ಣು ಮಾಡಿ ಬಂದವರೂ ಇದೇ ಮಾತಿನ ಮರೆಯಲ್ಲಿ ತಮ್ಮ ಪಾಲಿನ ಅಳು ಅತ್ತು ಮುಗಿಸುತ್ತಾರೆ. "ಘಾಟು" ಎಂದರೆ ಸಾಕು, ಎದುರಿಗಿದ್ದವರು "ಹೌದು ಬಿಡು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಮಾದೇವಿ ಕಡೇಮನಿ ಹುಟ್ಟಿ ಬೆಳೆದದ್ದು ಈ ಘಾಟಿನಲ್ಲೇ. ಅವಳ ತಾಯಿ ಫಕೀರವ್ವ, ಚನ್ನವೀರಪ್ಪ ಸಾಹುಕಾರರ ಕೋಲ್ಡ್ ಸ್ಟೋರೇಜಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುವವಳು. ಆ ಕೈಯಲ್ಲಿ ಬಡಿದ ರೊಟ್ಟಿಯೂ ಒಂಚೂರು ಖಾರ ಎಂದು ಮಗಳು ಚಿಕ್ಕಂದಿನಲ್ಲಿ ಚೇಷ್ಟೆ ಮಾಡುತ್ತಿದ್ದಳು. ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದಳು, ಅಲ್ಲೇ ಒಂದು ಕಂಪನಿ ಸೇರಿದಳು, ಮತ್ತೆ ಅದೇ ಕಂಪನಿಯ ಕೆಲಸದ ಮೇಲೆ ತನ್ನೂರಿಗೇ ಬಂದು ಅವ್ವನ ಮನೆಯಲ್ಲಿ ಬಿಡಾರ ಹೂಡಿದಳು. ಆ ಕೆಲಸ ಬೆಕ್ಕುಗಳದ್ದು.

ಬೆಕ್ಕಿಗೂ ಎಂಜಿನಿಯರಿಗೂ ಎತ್ತಣ ನಂಟು ಎನ್ನಬೇಡಿ. ಇದು ಇನ್ನೂ ಬರಬೇಕಾದ ಕಾಲದ ಮಾತು. ಆ ಕಾಲದಲ್ಲಿ ಗೋದಾಮುಗಳಲ್ಲಿ ಇಲಿಪಾಷಾಣ ಇಡುವುದನ್ನು ಪೂರಾ ನಿಷೇಧಿಸಿದ್ದರು. ಖಾರಪುಡಿಯಲ್ಲಿ ಪಾಷಾಣದ ಅಂಶ ಸಿಕ್ಕಿ ಹೊರದೇಶದ ಗಿರಾಕಿಗಳು ಹಡಗುಗಟ್ಟಲೆ ಮಾಲು ವಾಪಸು ಕಳಿಸಿದ ಮೇಲೆ ಬಂದ ಬುದ್ಧಿ ಅದು. ಇಲಿ ಹಿಡಿಯಲು ಮತ್ತೆ ಬೆಕ್ಕೇ ಬೇಕಾಯಿತು. ಹಾವೇರಿ, ಗದಗ, ದಾವಣಗೆರೆ ಕಡೆಯಿಂದ ಬೆಕ್ಕುಗಳನ್ನು ಬುಟ್ಟಿ ಬುಟ್ಟಿಯಲ್ಲಿ ತಂದು ಸ್ಟೋರೇಜುಗಳಿಗೆ ಬಿಟ್ಟರು. ಬಿಟ್ಟದ್ದೇ ತಡ, ದುಡಿಯುವ ಪ್ರಾಣಿಗಳ ಕಾಯ್ದೆ ಬಂದು ಕೂತಿತು. ಗಾಡಿ ಎಳೆಯುವ ಎತ್ತಿನಿಂದ ಹಿಡಿದು ಇಲಿ ಹಿಡಿಯುವ ಬೆಕ್ಕಿನವರೆಗೆ ಯಾವ ಪ್ರಾಣಿಯಿಂದ ಕೆಲಸ ತೆಗೆದುಕೊಂಡರೂ ಅದರ ಕೊರಳಿಗೆ ನೋವಿನ ಪಟ್ಟಿ ಕಟ್ಟಬೇಕು. ಆ ಪಟ್ಟಿ ಮಾಡುವುದು, ಅದರ ಮೇಲೆ ನಿಗಾ ಇಡುವುದು ಮಾದೇವಿಯ ಕಂಪನಿಯ ಕೆಲಸ.

ಪಟ್ಟಿಯೆಂದರೆ ಬೆರಳಗಲದ ಮೆತ್ತನೆಯ ಬೆಲ್ಟು. ತಲೆಯಿಂದ ಎದೆಗೆ ಇಳಿಯುವ ನರದ ಮಿಡಿತ, ರೆಪ್ಪೆ ಬಡಿಯುವ ಲಯ, ಕತ್ತಿನ ಸ್ನಾಯು ಎಷ್ಟು ಬಿಗಿದುಕೊಂಡಿದೆ ಎಂಬುದು, ಇವನ್ನೆಲ್ಲ ಕೂಡಿಸಿ ಅದು ನೋವಿಗೊಂದು ಅಂಕಿ ಕೊಡುತ್ತದೆ. ಅಂಕಿ ಕಡಿಮೆಯಿದ್ದರೆ ಪಟ್ಟಿಯ ಮೇಲಿನ ಪುಟ್ಟ ದೀಪ ಹಸಿರು, ಏರಿದರೆ ಹಳದಿ, ಇನ್ನೂ ಏರಿದರೆ ಕೆಂಪು. ಕೆಂಪು ಹತ್ತಿದ ಪ್ರಾಣಿಗೆ ಅಂದೇ ಚಿಕಿತ್ಸೆ ಕೊಡಿಸದಿದ್ದರೆ ಗೋದಾಮಿಗೆ ಬೀಗ. ಎತ್ತು ಕುಂಟುತ್ತದೆ, ನಾಯಿ ಕುಂಯ್ಗುಡುತ್ತದೆ. ಬೆಕ್ಕು ಮಾತ್ರ ಎಷ್ಟೇ ನೋವಿದ್ದರೂ ಏನೂ ಆಗಿಲ್ಲವೆಂಬಂತೆ ಮೂಲೆ ಹಿಡಿದು ಕೂರುತ್ತದೆ, ಕೆಲವೊಮ್ಮೆ ನೋವಿನಲ್ಲೇ ಗುರುಗುಟ್ಟುತ್ತದೆ. ಹಾಗಾಗಿ ಈ ಪಟ್ಟಿ ಯಾರಿಗಾದರೂ ನಿಜವಾಗಿ ಬೇಕಿದ್ದರೆ ಅದು ಬೆಕ್ಕಿಗೇ.

ಪಟ್ಟಿ ಕಟ್ಟಿದ ಮೊದಲ ವಾರವೇ ಗೋಳು ಶುರುವಾಯಿತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಹಸಿರಾಗಿ ಉರಿಯುತ್ತಿದ್ದ ದೀಪಗಳು ಬ್ಯಾಡಗಿಯಲ್ಲಿ ಹಳದಿ. ಒಂದಲ್ಲ ಎರಡಲ್ಲ, ಕಂಡ ಕಂಡ ಬೆಕ್ಕಿನದೆಲ್ಲ ಹಳದಿ. ಚನ್ನವೀರಪ್ಪನವರು ಸ್ಟೋರೇಜಿನ ಮಹಡಿಯ ಮೇಲಿನ ನಿಗಾ ಕೋಣೆಗೆ ಏದುಸಿರು ಬಿಡುತ್ತ ಹತ್ತಿ ಬಂದರು. ಅಲ್ಲಿ ಒಂದು ಗೋಡೆಯ ತುಂಬ ಪರದೆ, ಪರದೆಯ ತುಂಬ ಒಂದೊಂದು ಬೆಕ್ಕಿಗೆ ಒಂದೊಂದು ಚುಕ್ಕಿ.

"ತಂಗಿ, ನಿಮ್ಮ ಮಿಷನ್ನಿಗೆ ಏನಾಗೇತಿ? ಬೆಕ್ಕು ಎಲ್ಲಾ ಕುಣಕೋಂತ ಅದಾವು, ಗ್ವಾಡಿ ನೋಡಿದ್ರ ಕಾಮಾಲಿ ಆದವರ ಮಾರಿ ಆಗೇತಿ."

"ಮಿಷನ್ನಿಗೆ ಏನೂ ಆಗಿಲ್ಲ ಸಾವ್ಕಾರ್ರ. ಇದು ಘಾಟು" ಎಂದಳು ಮಾದೇವಿ ಥಟ್ಟನೆ. ಹೇಳಿದ ಮೇಲೆ ಅವಳಿಗೇ ಖುಷಿಯಾಯಿತು. ಬೆಕ್ಕುಗಳ ಕಣ್ಣು ಕೆಂಪಾಗಿದ್ದವು, ನೀರು ಸೋರುತ್ತಿತ್ತು, ಸೀನುತ್ತಿದ್ದವು. ಊರಿನ ಮಂದಿಗೆಲ್ಲ ಆಗುವುದೇ ಬೆಕ್ಕಿಗೂ ಆಗುತ್ತಿದೆ, ಅಷ್ಟೇ. ಅದು ಕಾಯಿಲೆಯಲ್ಲ, ಬ್ಯಾಡಗಿಯ ಹವೆ. ಹುಬ್ಬಳ್ಳಿಯ ಕಂಪನಿಯಲ್ಲಿ ಕೂತವರಿಗೆ ಇದು ಹೇಗೆ ಹೊಳೆಯಬೇಕು?

ಅವಳು ಊರಿನ ಎಲ್ಲ ಬೆಕ್ಕುಗಳ ಅಂಕಿಯ ಸರಾಸರಿ ತೆಗೆದಳು; ಅದು ದಿನದಿನವೂ ಹೊಸದಾಗಿ ಲೆಕ್ಕವಾಗುವಂತೆ ಮಾಡಿದಳು. ಅದಕ್ಕೆ 'ಘಾಟಿನ ಪಾಲು' ಎಂದು ಹೆಸರಿಟ್ಟಳು. ಪಟ್ಟಿ ಕೊಡುವ ಅಂಕಿಯಿಂದ ಆ ಪಾಲನ್ನು ಕಳೆದು, ಉಳಿದದ್ದನ್ನಷ್ಟೇ ನೋವೆಂದು ಹಿಡಿಯುವಂತೆ ತಿದ್ದಿದಳು. ಗುಂಡಿ ಒತ್ತಿದೊಡನೆ ಗೋಡೆಗೆ ಗೋಡೆಯೇ ಮಳೆ ಬಿದ್ದ ಹೊಲದಂತೆ ಹಸಿರಾಯಿತು, ಕೆಳಗೆ ಬೆಕ್ಕುಗಳ ಕೊರಳ ದೀಪಗಳೂ ಹಸಿರಾದವು. ಚನ್ನವೀರಪ್ಪನವರು ಪೇಢೆ ಹಂಚಿದರು. ಹುಬ್ಬಳ್ಳಿಯಿಂದ ದೊಡ್ಡ ಸಾಹೇಬರು ಬಂದು ಶಾಲು ಹೊದಿಸಿ, "ಸ್ಥಳೀಯ ಜ್ಞಾನ ಎಂದರೆ ಇದು" ಎಂದು ಭಾಷಣ ಮಾಡಿದರು. ಶೆಡ್ಡಿನ ಹೆಂಗಸರ ನಡುವೆ ನಿಂತ ಫಕೀರವ್ವ ಚಪ್ಪಾಳೆ ತಟ್ಟುತ್ತ ಕಣ್ಣೊರೆಸಿಕೊಂಡಳು. ಘಾಟು ಇದ್ದೇ ಇತ್ತಲ್ಲ.

ಒಂದು ಮಾತು ಮಾತ್ರ ಮಾದೇವಿ ಯಾರಿಗೂ ಹೇಳಲಿಲ್ಲ. ಲೆಕ್ಕ ಮಾಡುವ ಮೊದಲು ನಾಲ್ಕಾರು ಬೆಕ್ಕುಗಳನ್ನು ಊರ ಹೊರಗೆ ಒಯ್ದು, ಮೆಣಸಿನಕಾಯಿಯ ಗಾಳಿ ತಾಗದಲ್ಲಿ ಇಟ್ಟು, ಅಂಕಿ ಇಳಿಯುತ್ತದೋ ಇಲ್ಲವೋ ನೋಡಬೇಕೆಂದು ಅವಳಿಗೂ ಅನ್ನಿಸಿತ್ತು. ಅದೇ ಸರಿಯಾದ ಕ್ರಮ. ಆದರೆ ಖಾರ ಉರಿಯುತ್ತದೆಂದು ತಿಳಿಯಲು ಪ್ರಯೋಗ ಬೇಕೇ, ಕೇಳಿದವರು ನಗುವುದಿಲ್ಲವೇ ಎಂದುಕೊಂಡು ಸುಮ್ಮನಾಗಿದ್ದಳು.

ಫಕೀರವ್ವನಿಗೆ ಬೆಕ್ಕುಗಳಲ್ಲಿ ಒಂದು ಅಚ್ಚುಮೆಚ್ಚು. ಬೂದು ಮೈಯ, ಬಿಳಿ ಪಾದದ ಗಂಡು ಬೆಕ್ಕು. ಸ್ಟೋರೇಜಿನ ಓಣಿ ಓಣಿಯನ್ನೂ ಸುತ್ತಿ, ಚೀಲಗಳ ಮೇಲೆ ಹತ್ತಿಳಿದು, ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡೇ ಶೆಡ್ಡಿಗೆ ಬರುತ್ತಿತ್ತಾದ್ದರಿಂದ ಹೆಂಗಸರು ಅದನ್ನು 'ಮ್ಯಾನೇಜರ್' ಎಂದು ಕರೆಯುತ್ತಿದ್ದರು. ಫಕೀರವ್ವನಂತೂ ಬಹುವಚನ ಬಿಟ್ಟು ಮಾತಾಡುತ್ತಿರಲಿಲ್ಲ. "ಬರ್ರಿ ಮ್ಯಾನೇಜರ್ ಸಾಹೇಬ್ರ, ಊಟಾ ಆತೇನ್ರಿ?" ಎಂದು ತನ್ನ ರೊಟ್ಟಿಯ ತುಣುಕನ್ನು ಹಾಲಲ್ಲಿ ನೆನೆಸಿ ಇಡುವಳು. ಅದು ತಿಂದಾದ ಮೇಲೆ ಸೆರಗಿನ ಚುಂಗನ್ನು ನೀರಿನಲ್ಲಿ ಅದ್ದಿ ಅದರ ಕಣ್ಣು ಒರೆಸುವಳು. ಒರೆಸಿದ ಮೇಲೆ ಪಕ್ಕದ ಹೆಣ್ಣು ಬೆಕ್ಕಿನದು, ಆಮೇಲೆ ಅದರ ಮರಿಗಳದು. "ಪಾಪ, ನಮಗರ ಕೈ ಅದಾವು. ಇವಕ್ಕ ಒರಸವರು ಯಾರು?" ಎನ್ನುವಳು.

ಸುಗ್ಗಿ ಭರ್ತಿಯಾಗಿದ್ದ ಒಂದು ಮಧ್ಯಾಹ್ನ ಮಾದೇವಿ ಊಟಕ್ಕೆಂದು ಶೆಡ್ಡಿಗೆ ಇಳಿದು ಬಂದಾಗ ಮ್ಯಾನೇಜರ್ ಹಾಲಿನ ಬಟ್ಟಲಿನ ಪಕ್ಕ ನೆಲವನ್ನು ನೆಕ್ಕುತ್ತಿತ್ತು. ಬಟ್ಟಲು ಎಡಕ್ಕಿತ್ತು. ಅದು ತಲೆ ಹೊರಳಿಸಿ ಮೂಸಿ ಮೂಸಿ ಬಟ್ಟಲನ್ನು ಹುಡುಕಿತು.

"ನೋಡ, ಸಾಹೇಬ್ರಿಗೆ ವಯಸ್ಸಾತು. ತಾಟು ಎಲ್ಲೈತಿ ಅಂತ ಗೊತ್ತಾಗವಲ್ತು" ಎಂದು ಹೆಂಗಸೊಬ್ಬಳು ನಕ್ಕಳು. ಮಾದೇವಿಯೂ ನಗುತ್ತ ಬಗ್ಗಿದಳು. ಎಡಗಣ್ಣು ಮುಚ್ಚಿತ್ತು. ರೆಪ್ಪೆ ಬಿಡಿಸಿ ನೋಡಿದಳು. ಕಪ್ಪು ಇರಬೇಕಾದಲ್ಲಿ ಮಂಜು ಕವಿದಂಥ ಬಿಳುಪು, ಅಂಚಿನಲ್ಲಿ ಹಳದಿ ಕೀವು. ಅವಳ ನಗು ಅಲ್ಲೇ ನಿಂತಿತು. ಕೊರಳಲ್ಲಿ ದೀಪ ಹಚ್ಚ ಹಸಿರಾಗಿ ಉರಿಯುತ್ತಿತ್ತು.

ಪಶುವೈದ್ಯ ನದಾಫ್ ಡಾಕ್ಟರ ದವಾಖಾನೆ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಾಯಿ ಮಗಳು ಇಬ್ಬರೂ ಓಡಿದರು. ಡಾಕ್ಟರು ಕಣ್ಣಿಗೆ ಕಿತ್ತಳೆ ಬಣ್ಣದ ಮದ್ದಿನ ಒಂದು ಹನಿ ಬಿಟ್ಟರು, ಕಿಟಕಿ ಮುಚ್ಚಿಸಿದರು, ನೀಲಿ ಬೆಳಕಿನ ಟಾರ್ಚು ಹಿಡಿದರು. ಕಣ್ಣಿನ ಮೇಲೆ ಗಾಯ ಇದ್ದಲ್ಲೆಲ್ಲ ಮದ್ದು ಹಸಿರಾಗಿ ಹೊಳೆಯಿತು. ಎಡಗಣ್ಣಿನ ತುಂಬ ಹಸಿರು. ಬಲಗಣ್ಣಿನಲ್ಲಿ ಸಣ್ಣ ಸಣ್ಣ ಕವಲೊಡೆದ ಗೆರೆಗಳು, ಬೇರಿಳಿದಂತೆ.

"ಈ ಕವಲು ನೋಡಿದ್ರಿ? ಇದು ವೈರಸ್ಸಿಂದು. ಬೆಕ್ಕಿಗಷ್ಟ ಬರೂದು, ಮನಷ್ಯಾರಿಗೆ ಹತ್ತಂಗಿಲ್ಲ" ಎಂದರು ನದಾಫ್. "ಮರಿ ಇದ್ದಾಗ ಹತ್ತಿ, ಸಣ್ಣ ನೆಗಡಿಯಾಗಿ ಹೋಗಿರ್ತೈತಿ. ಆದ್ರ ಪೂರಾ ಹೋಗಂಗಿಲ್ಲ. ನರದಾಗ ಅಡಗಿ ಮಲಗಿರ್ತೈತಿ. ಥಂಡಿ, ಗದ್ದಲ, ಹೊಸಾ ಜಾಗಾ, ಜೀವಕ್ಕ ತ್ರಾಸಾತಂದ್ರ ಏಳ್ತೈತಿ. ಬುಟ್ಟ್ಯಾಗ ತುಂಬಿ ತಂದು ಕೋಲ್ಡ್ ಸ್ಟೋರೇಜಿಗೆ ಬಿಟ್ಟೀರಿ, ಮತ್ತೇನು ಬೇಕು ಅದಕ್ಕ?"

"ನಾವು ಘಾಟು ಅಂತಿದ್ವಿರಿ" ಎಂದಳು ಫಕೀರವ್ವ.

"ಘಾಟು ಎರಡೂ ಕಣ್ಣಿಗೆ ಕೂಡೇ ಬಡೀತೈತವ್ವ, ನೀರು ಹಾಕಿದ್ರ ಇಳೀತೈತಿ. ಇದು ಒಂದ ಕಣ್ಣಾಗ ಹುಟ್ಟಿ ಇನ್ನೊಂದಕ್ಕ ಹೋಗೇತಿ. ಕಣ್ಣಾಗ ಗಾಜಿನ ಚೂರು ಬಿದ್ದಷ್ಟು ನೋವು. ಸಣ್ಣದಿದ್ದಾಗ ಬಂದಿದ್ರ ಹನಿಮದ್ದಿಗೆ ವಾಸಿ ಆಗ್ತಿತ್ತು." ಡಾಕ್ಟರು ಪಟ್ಟಿಯ ದೀಪ ನೋಡಿದರು, ಮತ್ತೆ ಕಣ್ಣು ನೋಡಿದರು, ಆಮೇಲೆ ಮಾದೇವಿಯನ್ನು ನೋಡಿದರು. "ಇಷ್ಟು ನೋವಿದ್ರೂ ನಿಮ್ಮ ಪಟ್ಟಿ ಹಸಿರ ಯಾಕೈತಿ?"

ಮಾದೇವಿಗೆ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು. ಅವಳು ಮೊದಲ ಸರಾಸರಿ ತೆಗೆದ ದಿನಕ್ಕಾಗಲೇ ಈ ರೋಗ ಊರಿನ ಬೆಕ್ಕುಗಳಲ್ಲಿ ಹಬ್ಬಿಯಾಗಿತ್ತು. ರೋಗ ಏರಿದಂತೆ ಸರಾಸರಿಯೂ ಏರಿತ್ತು; ಅವಳು ಕಳೆದದ್ದು ಘಾಟನ್ನಲ್ಲ, ನೋವನ್ನೇ. ನಿಜ ಹೇಳಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ಪಟ್ಟಿ ಸಡ್ಲ ಆಗಿರಬೇಕ್ರಿ ಸರ್. ಕೊರಳಿಗೆ ಸರಿ ಹತ್ತಲಿಲ್ಲಂದ್ರ ಮಿಡಿತ ಸಿಗಂಗಿಲ್ಲ."

"ಯಾರು ಕಟ್ಟಿದ್ರು?"

"ನಾನರಿ" ಎಂದಳು ಫಕೀರವ್ವ. ಅವಳ ಮುಖ ಸಣ್ಣದಾಯಿತು. "ಮ್ಯಾನೇಜರ್ ಕುತ್ತಿಗಿಗೆ ಒತ್ತತೈತಿ ಪಾಪ ಅಂತ ನಾನ ಒಂದ್ ತೂತು ಸಡ್ಲ ಬಿಟ್ಟಿದ್ದೆರಿ."

ಅದು ನಿಜವಾಗಿತ್ತು. ಒಂದು ತೂತು ಸಡಿಲ ಬಿಟ್ಟರೆ ಪಟ್ಟಿಗೆ ಏನೂ ಆಗುವುದಿಲ್ಲವೆಂದು ಮಾದೇವಿಗೆ ಗೊತ್ತಿತ್ತು. ಅವಳು ನೆಲ ನೋಡುತ್ತ ನಿಂತಳು.

"ಒಂದರಿಂದ ಒಂದಕ್ಕ ಹತ್ತತೈತಿ ಇದು. ಸೀನಿದ್ರ, ಒಂದ ತಾಟಿನಾಗ ತಿಂದ್ರ, ಒಂದ ಅರಿವಿ ಮುಟ್ಟಿದ್ರ" ಎಂದು ಡಾಕ್ಟರು ಹೇಳುತ್ತಿದ್ದಂತೆ ಫಕೀರವ್ವ ತನ್ನ ಸೆರಗಿನ ಚುಂಗನ್ನು ನೋಡಿಕೊಂಡಳು. "ಎಲ್ಲಾದರ ಕಣ್ಣೂ ಇದರಾಗ ಒರಸೀನಿರಿ" ಎಂದಾಗ ಅವಳ ದನಿ ಕೇಳಿಸುವಂತಿರಲಿಲ್ಲ.

"ತಿಳೀದ ಮಾಡೀರಿ, ಬಿಡ್ರಿ. ಉಳಿದ ಬೆಕ್ಕು ಹಸಿರ ಅದಾವಿಲ್ಲೋ ತಂಗಿ?"

"ಅದಾವ್ರಿ."

"ಹಂಗಾರ ಚಲೋ ಆತು. ಅವಕ್ಕ ಹತ್ತಿದ್ರ ಪಟ್ಟಿ ಹೇಳ್ತಿತ್ತು. ಇದನ್ನೊಂದು ಬ್ಯಾರೆ ಇಡ್ರಿ. ಎಡಗಣ್ಣು ಹೋತು, ಬಲಗಣ್ಣು ಉಳಸೂದು ನೋಡೂಣು."

ದಾರಿಯಲ್ಲಿ ತಾಯಿ ಬೆಕ್ಕನ್ನು ಎದೆಗವಚಿಕೊಂಡು ಮುಂದೆ ಮುಂದೆ ನಡೆದಳು. ಮಾದೇವಿ ಹಿಂದೆ ಬಂದಳು. ಭೂಮಿ ಬಾಯಿ ಬಿಡಬಾರದೇ ಎಂಬ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಅದರ ಅರ್ಥ ಆವತ್ತು ಹಳೇ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಆಯಿತು.

ಮರುದಿನ ನಿಗಾ ಕೋಣೆಯಲ್ಲಿ ಕೂತು ಅವಳು ಗೋಡೆಯ ದೀಪಗಳನ್ನು ಮುಟ್ಟದೆ, ಘಾಟಿನ ಪಾಲು ಕಳೆಯದ ಮೂಲ ಅಂಕಿಗಳನ್ನಷ್ಟೇ ತನ್ನ ಮೇಜಿನ ಪರದೆಯಲ್ಲಿ ತೆರೆದಳು. ಮ್ಯಾನೇಜರನ ಅಂಕಿ ವಾರಗಳಿಂದ ಏರುತ್ತಲೇ ಬಂದಿತ್ತು. ಅದೊಂದೇ ಅಲ್ಲ. ಹೆಣ್ಣು ಬೆಕ್ಕಿನದು, ಮರಿಗಳದು, ಆಚೆ ಸಾಲಿನ ಸ್ಟೋರೇಜಿನ ಬೆಕ್ಕುಗಳದು. ಪಟ್ಟಿಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದವು. ಮೊದಲ ದಿನದಿಂದಲೂ ಕೂಗಿ ಕೂಗಿ ಹೇಳಿದ್ದವು. ಆ ಕೂಗಿನ ಬಾಯಿ ಮುಚ್ಚಿದವಳು ಅವಳೊಬ್ಬಳೇ. ಅದಕ್ಕೆ ಶಾಲು ಬೇರೆ ಹೊದ್ದುಕೊಂಡಿದ್ದಳು.

ಘಾಟಿನ ಪಾಲನ್ನು ಅಳಿಸುವ ಗುಂಡಿಯ ಮೇಲೇ ಕೈ ಇತ್ತು. ಅಷ್ಟರಲ್ಲಿ ಚನ್ನವೀರಪ್ಪನವರು ಒಳಗೆ ಬಂದರು.

"ತಂಗಿ, ನಾಡದು ಹೊರದೇಶದ ಗಿರಾಕಿಗಳು ಬರಾಕತ್ತಾರ. ಅವರಿಗೆ ಕಾಯಿಗಿಂತ ಮೊದ್ಲ ಈ ಹಸಿರು ಗ್ವಾಡಿ ತೋರಸ್ಬೇಕು. ನಿನ್ನ ಸುದ್ದಿ ಆಗ್ಲೇ ಹೇಳೀನಿ ಅವರಿಗೆ, ನಮ್ಮೂರ ಹುಡುಗಿ ಮಾಡ್ಯಾಳಂತ."

ಅವಳು ಗುಂಡಿಯಿಂದ ಕೈ ತೆಗೆದಳು. ಈಗ ಗೋಡೆ ಕೆಂಪಾದರೆ ಸ್ಟೋರೇಜಿಗೆ ಬೀಗ. ಬೀಗ ಬಿದ್ದರೆ ಶೆಡ್ಡಿನ ಹೆಂಗಸರಿಗೆಲ್ಲ ಸುಗ್ಗಿಯ ನಡುವೆ ಕೆಲಸವಿಲ್ಲ; ಅವ್ವನಿಗೂ ಇಲ್ಲ. ಗಿರಾಕಿಗಳು ಬಂದು ಹೋಗಲಿ, ಆಮೇಲೆ ಸದ್ದಿಲ್ಲದೆ ತಿದ್ದಿದರಾಯಿತು, ಬೆಕ್ಕುಗಳನ್ನು ಒಂದೊಂದಾಗಿ ಡಾಕ್ಟರ ಹತ್ತಿರ ಕಳಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಶೆಡ್ಡಿನ ಹೆಂಗಸರ ಕೂಲಿಯನ್ನು ತನ್ನ ಮಾನದ ಮುಂದೆ ಗುರಾಣಿ ಹಿಡಿಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಿಡಿದಳು.

ಮನೆಯಲ್ಲಿ ಫಕೀರವ್ವ ರೊಟ್ಟಿ ಬಡಿದಿಟ್ಟು ತಾನು ಉಣ್ಣದೆ ಎದ್ದುಹೋಗುತ್ತಿದ್ದಳು. ಮ್ಯಾನೇಜರನ್ನು ಒಳಮನೆಯಲ್ಲಿ ಒಂದು ಹಳೇ ಕೌದಿಯ ಮೇಲೆ ಮಲಗಿಸಿದ್ದರು. ಮದ್ದು ಹಾಕಲು ಹೊತ್ತು ಹೊತ್ತಿಗೆ ಅವಳೇ ಬರುವಳು. ಮೊದಲಿನ ಚೇಷ್ಟೆ ಇಲ್ಲ, 'ಸಾಹೇಬ್ರ' ಇಲ್ಲ. "ನಾನ ಮಾಡಿದ್ನೋ ಯಪ್ಪಾ. ನಾನ ನಿನ್ನ ಕಣ್ಣು ಕಳದ್ನಿ" ಎಂದಷ್ಟೇ ಅನ್ನುವಳು. ಬಾಗಿಲ ಆಚೆ ಉಣ್ಣಲು ಕೂತ ಮಗಳಿಗೆ ಅದೆಲ್ಲ ಕೇಳುತ್ತಿತ್ತು. ಹೇಳಿಬಿಡಬೇಕೆಂದು ಪ್ರತಿ ಸಲವೂ ಎದ್ದಳು, ಪ್ರತಿ ಸಲವೂ ತಾಟು ತೊಳೆಯಲು ಹೋದಳು.

ಗಿರಾಕಿಗಳು ಬರುವ ದಿನ ಸ್ಟೋರೇಜಿಗೆ ತೋರಣ ಕಟ್ಟಿದ್ದರು. ಮಾದೇವಿ ನಿಗಾ ಕೋಣೆಯ ಕಿಟಕಿಯಿಂದ ಕೆಳಗೆ ನೋಡಿದಳು. ಫಕೀರವ್ವ ತನ್ನ ರಾಶಿ ಬಿಟ್ಟೆದ್ದು ಶೆಡ್ಡಿನಿಂದ ಶೆಡ್ಡಿಗೆ ಅಡ್ಡಾಡುತ್ತಿದ್ದಳು. ಕಂಡ ಬೆಕ್ಕನ್ನೆಲ್ಲ ಹಿಡಿದು ಮಡಿಲಲ್ಲಿ ಕೂರಿಸಿಕೊಂಡು ಅದರ ಪಟ್ಟಿಯನ್ನು ಬಿಗಿ ಮಾಡುತ್ತಿದ್ದಳು. ಅದು ಒಂದು ದಿನದ ಕೆಲಸವಾಗಿರಲಿಲ್ಲ. ಡಾಕ್ಟರ ಹತ್ತಿರದಿಂದ ಬಂದಂದಿನಿಂದ ಅವಳು ಇದನ್ನೇ ಮಾಡುತ್ತಿದ್ದಳು. ಮಾದೇವಿ ನೋಡಿದ್ದಳು, ನೋಡಿ ಪರದೆಯ ಕಡೆ ತಿರುಗಿದ್ದಳು.

ಆವತ್ತು ತಿರುಗಲಾಗಲಿಲ್ಲ, ಇಳಿದು ಹೋದಳು. ಫಕೀರವ್ವ ಹೆಣ್ಣು ಬೆಕ್ಕನ್ನು ಹಿಡಿದುಕೊಂಡಿದ್ದಳು. ಬಿಗಿದ ಪಟ್ಟಿಯ ಅಂಚಿನಲ್ಲಿ ಅದರ ಕೊರಳ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಅದು ಕೊಸರುತ್ತಿತ್ತು. ಅದರ ಬಲಗಣ್ಣು ಮುಚ್ಚಿತ್ತು. ದೀಪ ಹಸಿರು.

"ತಡೀ ನಮ್ಮವ್ವ, ಇನ್ನೊಂದ ತೂತು" ಎನ್ನುತ್ತಿದ್ದಳು ಫಕೀರವ್ವ. "ನಿನ್ನ ಕಣ್ಣೂ ಕಳೀಲೇನು ನಾ?"

ಮಾದೇವಿ ತಿರುಗಿ ಮೆಟ್ಟಿಲು ಹತ್ತಿದಳು. ಮೇಲೆ ಗಿರಾಕಿಗಳು ಬಂದಾಗಿತ್ತು. ಮೂಗಿಗೆ ಬಿಳಿ ಮುಸುಕು ಕಟ್ಟಿಕೊಂಡು ಹಸಿರು ಗೋಡೆಯೆದುರು ನಿಂತಿದ್ದರು. ಕಾಯ್ದೆಯ ಪ್ರಕಾರ ಕರೆಸಿದ್ದ ನದಾಫ್ ಡಾಕ್ಟರೂ ಇದ್ದರು. ಚನ್ನವೀರಪ್ಪನವರು ಹಿಗ್ಗಿ ಹೀರೇಕಾಯಿಯಾಗಿ, "ಇಕಿನ ನೋಡ್ರಿ ನಮ್ಮೂರ ಹುಡುಗಿ" ಎಂದರು. ಮಾದೇವಿ ಯಾರಿಗೂ ಕೈ ಮುಗಿಯದೆ ಮೇಜಿಗೆ ಹೋಗಿ ಘಾಟಿನ ಪಾಲನ್ನು ಅಳಿಸಿದಳು.

ಗೋಡೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಹಳದಿ, ನೋಡನೋಡುತ್ತಿದ್ದಂತೆ ಕೆಂಪು, ಕೆಂಪು, ಕೆಂಪು. ಹಸಿರು ಹುಡುಕಿದರೂ ಸಿಗದಂತಾಯಿತು.

"ಏನಾತವಾ? ಕೆಟ್ಟಿತೇನು ಮಿಷನ್ನು?" ಚನ್ನವೀರಪ್ಪನವರು ಗೋಡೆಯ ಹತ್ತಿರ ಓಡಿದರು.

"ಕೆಟ್ಟಿಲ್ಲ ಸಾವ್ಕಾರ್ರ. ಇಷ್ಟು ದಿನಾ ಕೆಟ್ಟಿತ್ತು. ಕೆಡಿಸಿದಾಕಿ ನಾನು." ಅವಳು ಡಾಕ್ಟರ ಕಡೆ ತಿರುಗಿದಳು. ಅವರ ಮುಖ ನೋಡಲಾಗದೆ ಅವರ ಅಂಗಿಯ ಗುಂಡಿಗಳನ್ನು ನೋಡುತ್ತ ಹೇಳಿದಳು. "ಪಟ್ಟಿ ಸಡ್ಲ ಇರಲಿಲ್ರಿ ಸರ್. ಸುಳ್ಳು ಹೇಳಿದೆ. ಬೆಕ್ಕಿನ ನೋವನ್ನ ನಾನು ಘಾಟು ಅಂತ ತಿಳದು ಲೆಕ್ಕದಾಗ ಕಳದಿದ್ದೆ. ಎಲ್ಲಾ ಬೆಕ್ಕಿಗೂ ಹತ್ತೇತಿ. ನಿಮ್ಮ ದವಾಖಾನ್ಯಾಗ ನಿಂತಾಗನ ನನಗ ಗೊತ್ತಾಗಿತ್ತು."

ನದಾಫರು ಕೆಂಪು ಗೋಡೆಯತ್ತ ಒಮ್ಮೆ ನೋಡಿದರು. "ಅವತ್ತ ಹೇಳಿದ್ರ ಇಷ್ಟರಾಗ ಎಷ್ಟೋ ಕಣ್ಣು ಉಳೀತಿದ್ವು, ತಂಗಿ" ಎಂದು ಚೀಲ ಎತ್ತಿಕೊಂಡು ಕೆಳಗಿಳಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸಿತು ಅವಳಿಗೆ.

ಕೆಳಗೆ ಶೆಡ್ಡಿನಲ್ಲಿ ಯಾರಿಗೂ ಇನ್ನೂ ಏನೂ ತಿಳಿದಿರಲಿಲ್ಲ. ಬೆಕ್ಕುಗಳ ಕೊರಳಲ್ಲೆಲ್ಲ ಕೆಂಪು ದೀಪ ಹತ್ತಿತ್ತು. ಆದರೆ ಸುತ್ತಲೂ ಮೆಣಸಿನಕಾಯಿಯ ಕೆಂಪು ರಾಶಿಗಳೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾದೇವಿ, ಮತ್ತೆ ತನ್ನ ರಾಶಿಗೆ ಬಂದು ಕೂತಿದ್ದ ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಯವ್ವಾ, ಮ್ಯಾನೇಜರನ ಪಟ್ಟಿ ಸಡ್ಲ ಇರಲಿಲ್ಲ. ನಿಂದೇನೂ ತಪ್ಪಿಲ್ಲ. ನಂದು." ಎಲ್ಲವನ್ನೂ ಹೇಳಿದಳು. ಫಕೀರವ್ವ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿಯುವುದನ್ನು ಮರೆತು ಕೇಳಿದಳು.

"ನಾ ಇವನ್ನೆಲ್ಲಾ ಹಿಡಿದು ಬಿಗಿ ಮಾಡ್ಕೋಂತ ಅಡ್ಡ್ಯಾಡುವಾಗ ನೀ ಎಲ್ಲಿದ್ದಿ?"

"ಮ್ಯಾಲ."

"ಕಿಟಕ್ಯಾಗ ಕಾಣ್ತಿತ್ತೇನು?"

"ಕಾಣ್ತಿತ್ತು."

ಫಕೀರವ್ವ ಎದ್ದು ಹೋಗಿ, ಹೆಣ್ಣು ಬೆಕ್ಕನ್ನು ಎತ್ತಿಕೊಂಡು, ಅದರ ಪಟ್ಟಿಯನ್ನು ಸಡಿಲ ಮಾಡಿದಳು. ಆಮೇಲೆ ಮರಿಯದು. ಆಮೇಲೆ ಪಕ್ಕದ ಶೆಡ್ಡಿಗೆ ಹೋದಳು. ಮಾದೇವಿ ಹಿಂದೆ ಹೋಗಿ ಒಂದು ಬೆಕ್ಕಿಗೆ ಕೈ ಹಾಕಿದಾಗ, "ನೀ ಬ್ಯಾಡ" ಎಂದಳು.

ಸ್ಟೋರೇಜಿಗೆ ಬೀಗ ಬಿತ್ತು. ಬೆಕ್ಕುಗಳನ್ನೆಲ್ಲ ಊರ ಹೊರಗಿನ ಹಳೇ ಹತ್ತಿ ಗಿರಣಿಗೆ ಸಾಗಿಸಿದರು. ಅಲ್ಲಿ ಮೆಣಸಿನಕಾಯಿಯ ಸುಳಿವೇ ಇರಲಿಲ್ಲ. ಆದರೂ ದೀಪಗಳು ಕೆಂಪಾಗಿಯೇ ಉರಿದವು. ಮೊದಲೇ ಮಾಡಬೇಕಿದ್ದ ಪ್ರಯೋಗ ಹೀಗೆ ಕೊನೆಯಲ್ಲಿ ಆಯಿತು. ಡಾಕ್ಟರು, ಅವರ ಕೈಕೆಳಗಿನವರು, ಕೆಲಸವಿಲ್ಲದೆ ಕೂತ ಶೆಡ್ಡಿನ ಹೆಂಗಸರು ಪಾಳಿಯ ಮೇಲೆ ಹನಿಮದ್ದು ಹಾಕಿದರು. ಮದ್ದು ಹಾಕುತ್ತಲೇ ಮಾದೇವಿಗೆ ಕೇಳುವಂತೆ ಆಡಿಕೊಂಡರು. "ಕಲ್ತಾಕಿ ಕೈಯಾಗ ಕೊಟ್ಟು ಕೆಟ್ವಿ ನೋಡ" ಎಂದಳು ಒಬ್ಬಳು. ಅದು ಪೂರಾ ನಿಜವಲ್ಲ. ಘಾಟು ಎಂದವರು ಊರ ಮಂದಿಯೆಲ್ಲ ಇದ್ದರು. ಆದರೆ ಅದನ್ನು ಲೆಕ್ಕಕ್ಕೆ ತಂದವಳೂ, ತಿಳಿದ ಮೇಲೆ ಬಾಯಿ ಮುಚ್ಚಿಕೊಂಡವಳೂ ತಾನೇ ಆದ್ದರಿಂದ ಮಾದೇವಿ ಎದುರಾಡದೆ ಬುಟ್ಟಿ ತೊಳೆದಳು. ಕಂಪನಿಯವರು ಫೋನು ಮಾಡಿ, ಇದನ್ನು ಸಣ್ಣ ತಾಂತ್ರಿಕ ದೋಷವೆಂದು ಹೇಳಿ ಮುಗಿಸೋಣ ಎಂದಾಗ, "ದೋಷ ಅಲ್ರಿ, ನಾನು" ಎಂದಳು. ಅವರು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಗಿರಣಿಯಲ್ಲೇ ಉಳಿದಳು.

ಬಹಳಷ್ಟು ಕಣ್ಣು ಉಳಿದವು. ಕೆಲವು ಹೋದವು. ಬೆಕ್ಕುಗಳು ಒಂದೊಂದಾಗಿ ಹಸಿರಾಗುತ್ತ ಬಂದು, ಊರಿಗೆ ಮರಳುತ್ತ ಹೋದವು. ಫಕೀರವ್ವ ಮಗಳೊಡನೆ ಮಾತು ಬಿಟ್ಟಿರಲಿಲ್ಲ; ಉಪ್ಪು ತಾ, ಬಾಗಿಲು ಹಾಕು ಎಂಬಷ್ಟು ಮಾತು ಇತ್ತು. ಮ್ಯಾನೇಜರನ ಮದ್ದನ್ನು ಮಾತ್ರ ಮಗಳ ಕೈಗೆ ಕೊಟ್ಟಿರಲಿಲ್ಲ.

ಸುಗ್ಗಿ ಮುಗಿಯಿತು. ಶೆಡ್ಡು ಗುಡಿಸಿ ತೊಳೆದು, ಊರಿನ ಗಾಳಿ ತಿಳಿಯಾಗಿದ್ದ ಒಂದು ಸಂಜೆ. ಫಕೀರವ್ವ ಮನೆಯ ಕಟ್ಟೆಯ ಮೇಲೆ ಮ್ಯಾನೇಜರನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎಡಗಣ್ಣಿದ್ದಲ್ಲಿ ಹೊಲಿಗೆ ಹಾಕಿದ ಗೆರೆ. ಬಲಗಣ್ಣಿಗೆ ಮಬ್ಬು ಮಬ್ಬಾಗಿ ಕಾಣುತ್ತದೆಂದು ಡಾಕ್ಟರು ಹೇಳಿದ್ದರು. ಅದು ಗುರುಗುರು ಎನ್ನುತ್ತಿತ್ತು. ಕೊರಳ ದೀಪ ಹಳದಿಯಿತ್ತು. ಮಾದೇವಿ ಹೊಸಿಲ ಬಳಿ ಕೂತು ಆ ಹಳದಿಯನ್ನೇ ನೋಡುತ್ತಿದ್ದಳು. ಇಷ್ಟು ನೋವಿಟ್ಟುಕೊಂಡು ಅದು ಗುರುಗುಟ್ಟುತ್ತಿದೆ. ದೀಪ ಸುಳ್ಳು ಹಸಿರಾಗಿದ್ದಾಗಲೂ ಹೀಗೇ ಗುರುಗುಟ್ಟಿರಬೇಕು, ಇದೇ ತೊಡೆಯ ಮೇಲೆ, ತಾನು ಪೇಢೆ ತಿನ್ನುತ್ತಿದ್ದಾಗ. ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡಷ್ಟೂ ಇಳಿಯಿತು.

ಫಕೀರವ್ವ ತಲೆಯೆತ್ತಿ ನೋಡಿದಳು.

"ಯಾಕ ಅಳಾಕತ್ತಿ?"

ಹುಟ್ಟಿದಾಗಿನಿಂದ ಅವ್ವ ತನ್ನನ್ನು ಹೀಗೆ ಕೇಳಿದ ನೆನಪಿರಲಿಲ್ಲ ಮಾದೇವಿಗೆ. ಅಭ್ಯಾಸದ ಉತ್ತರ ನಾಲಗೆಯ ತುದಿಗೆ ಬಂತು. ಬೀದಿಯಲ್ಲಿ ಒಂದು ಕಾಯಿಯೂ ಇರಲಿಲ್ಲ.

"ನಾಚಿಕಿ ಆಗೇತಿ ಯವ್ವಾ."

ಫಕೀರವ್ವ ಆಗಲಿ ಬಿಡು ಎನ್ನಲಿಲ್ಲ, ಅಳಬೇಡ ಎನ್ನಲಿಲ್ಲ.

"ಆಗಬೇಕು" ಎಂದಳು. ಆಮೇಲೆ ಬಗಲಿನಲ್ಲಿದ್ದ ಮದ್ದಿನ ಬಾಟಲಿಯನ್ನು ಮಗಳ ಕಡೆ ಚಾಚಿದಳು. "ಬಾ ಇಲ್ಲೆ. ಹೊತ್ತಾತು, ಸಾಹೇಬ್ರಿಗೆ ಹನಿ ಹಾಕು."